ಕಲ್ಲು ಆರಿಸಿದ ಕೈ

ಕಳೆದ ವಾರ ಮಾತು ಕೊಟ್ಟಂತೆ ಇವತ್ತು ‘ಕಪಿ’ಯ ಹಲ್ಲಿನ ವಿಚಾರ. ‘ಕಪಿ ರಾಮನಗರೆನ್ಸಿಸ್’ ಎಂಬ ಹೆಸರು ಕಂಡು ಐಜೂರಿನ ಇಬ್ಬರು ಓದುಗರು ಸಂಭ್ರಮದಿಂದ ಫೋನ್ ಮಾಡಿದ್ದರು. ಆ ರಾಮನಗರ ನಮ್ಮದಲ್ಲ, ಜಮ್ಮುವಿನ ಉಧಂಪುರ ಜಿಲ್ಲೆಯದು. ಅಲ್ಲಿನ ಶಿವಾಲಿಕ್ ಪದರದಲ್ಲಿ 2015ರಲ್ಲಿ ಒಂದೇ ಒಂದು ದವಡೆಹಲ್ಲು ಸಿಕ್ಕಿತು. ಅದನ್ನು ಕೂಲಂಕಷವಾಗಿ ನೋಡಿ 2020ರಲ್ಲಿ ಹೆಸರಿಟ್ಟರು. ವಯಸ್ಸು ಸುಮಾರು 1.3 ಕೋಟಿ ವರ್ಷ. ಇಂದಿನ ಗಿಬ್ಬನ್‌ಗಳ ಪೂರ್ವಜರ ಬಳಗದ್ದು.

ಹೆಸರಿನಲ್ಲಿ ರಾಮನಿರುವ ಇನ್ನೊಂದು ವಾನರ ಇದಕ್ಕಿಂತ ಪ್ರಸಿದ್ಧ. 1932ರಲ್ಲಿ ಹಿಮಾಚಲದ ಹರಿತಲ್ಯಾಂಗರ್ ಬಳಿ ಜಿ. ಎಡ್ವರ್ಡ್ ಲೂಯಿಸ್ ಅವರಿಗೆ ಸಿಕ್ಕ ಮೇಲ್ದವಡೆಯ ತುಂಡು, ರಾಮಪಿಥೆಕಸ್. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮತ್ತು ಡೇವಿಡ್ ಪಿಲ್‌ಬೀಮ್ ಅದನ್ನು ಮನುಷ್ಯ ವಂಶದ ಮೊದಲ ಮೆಟ್ಟಿಲಲ್ಲಿ ಕೂರಿಸಿದರು. 1965ರ ‘ಅರ್ಲಿ ಮ್ಯಾನ್’ ಪುಸ್ತಕಕ್ಕಾಗಿ ರುಡಾಲ್ಫ್ ಜಾಲಿಂಜರ್ ಬರೆದ ಸಾಲುಚಿತ್ರದ ಹದಿನೈದು ಆಕೃತಿಗಳಲ್ಲಿ ಅದೂ ಹೆಜ್ಜೆ ಹಾಕಿತು. ಬೆನ್ನು ಬಾಗಿದ ವಾನರ ಹೆಜ್ಜೆಹೆಜ್ಜೆಗೂ ನೆಟ್ಟಗಾಗುತ್ತಾ ಮನುಷ್ಯನಾಗುವ ಆ ಚಿತ್ರವನ್ನು ನೋಡದವರಿಲ್ಲ.

ಎರಡೇ ವರ್ಷಕ್ಕೆ, 1967ರಲ್ಲಿ, ಸಾರಿಚ್ ಮತ್ತು ವಿಲ್ಸನ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯನೂ ಆಫ್ರಿಕದ ವಾನರಗಳೂ ಬೇರೆಯಾಗಿ ಬರೀ 50 ಲಕ್ಷ ವರ್ಷವಾಗಿರಬಹುದು ಎಂದರು. ಮುಂದೆ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಪಿಲ್‌ಬೀಮ್ ತಂಡಕ್ಕೇ ಸಿಕ್ಕ ಶಿವಪಿಥೆಕಸ್ ಮುಖ ಒರಾಂಗುಟಾನನ್ನು ಹೋಲಿತು. ರಾಮಪಿಥೆಕಸ್ ಎಂಬ ಹೆಸರೇ ಶಿವಪಿಥೆಕಸ್ಸಿನಲ್ಲಿ ಕರಗಿಹೋಯಿತು. ಪಿಲ್‌ಬೀಮ್ ತಮ್ಮ ಹಳೆಯ ಮಾತನ್ನು ತಾವೇ ಬಿಟ್ಟುಕೊಟ್ಟರು. ಅವರ ಬಗ್ಗೆ ನನಗಿರುವ ಗೌರವ ಅದರಿಂದ ಹೆಚ್ಚಿತು. ಚಿತ್ರ ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಈ ಅಂಕಣಕ್ಕೂ ಆ ಚಿತ್ರಕ್ಕೂ ಹಳೆಯ ಜಗಳ. ಕವಲೊಡೆದ ಮರವನ್ನು ಅದು ಏಣಿ ಮಾಡಿದೆ. ಎಲ್ಲರ ಕಣ್ಣನ್ನೂ ಬೆನ್ನಿನ ಮೇಲೆ ನೆಟ್ಟು, ಕೈಯನ್ನು ಮರೆಸಿದೆ.

ಹಲ್ಲಿನ ಮಾತು ಇಲ್ಲಿಗೆ ಸಾಕು. ಭಾನುವಾರ ಕನಕಪುರದ ಕಡೆ ಕಂಡದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

ರಸ್ತೆ ಬದಿಯಲ್ಲಿ ಹಿರಿಯರೊಬ್ಬರು ಚಪ್ಪಡಿಯ ಅಂಚು ತಿದ್ದುತ್ತಾ ಕೂತಿದ್ದರು. ಈ ಕಲ್ಲಲ್ಲಿ ಚಾಕುವಿನಂಥ ಅಂಚು ತೆಗೆಯೋಕಾಗುತ್ತಾ ಅಂತ ಕೇಳಿದೆ. ‘ಇದ್ರಲ್ಲಾಗಲ್ಲ ಸ್ವಾಮಿ, ಅಂಚು ಉದುರೋಯ್ತದೆ. ಕರಿಕಲ್ಲಾದ್ರೆ ಚಕ್ಕೆ ಏಳ್ತದೆ’ ಅಂದರು. ಪಕ್ಕದಲ್ಲಿ ಬಿದ್ದಿದ್ದ ಒಂದು ಕಪ್ಪು ಚೂರನ್ನು ಎತ್ತಿ, ಅದರ ಅಂಚನ್ನು ನನ್ನ ಹೆಬ್ಬೆರಳಿಗೆ ಮೆಲ್ಲಗೆ ತಾಗಿಸಿದರು.

ಶಿಲಾಯುಗದ ಅರ್ಧ ಪಾಠ ಆ ಎರಡು ಮಾತಿನಲ್ಲಿದೆ. ನಮ್ಮ ರಾಮದೇವರಬೆಟ್ಟದ ಕಲ್ಲಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರನ್ನೇ ಇಟ್ಟಿದ್ದಾರೆ, ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷದ್ದು. ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳುಗಳು ದಪ್ಪ. ಕೆಲವು ಕಡೆ ಗುಲಾಬಿ ಫೆಲ್ಡ್‌ಸ್ಪಾರ್ ಬೆರಳುದ್ದ ಬೆಳೆದಿದೆ. ಹೊಡೆದರೆ ಏಟು ಹರಳಿನಿಂದ ಹರಳಿಗೆ ಅಡ್ಡಾದಿಡ್ಡಿ ಓಡಿ ಪುಡಿ ಉದುರುತ್ತದೆ. ಚಕ್ಕೆ ಏಳಬೇಕಾದರೆ ಏಟು ನೀರಿನ ಅಲೆಯ ಹಾಗೆ ಕಲ್ಲಿನೊಳಗೆ ಸಮನಾಗಿ ಹರಡಬೇಕು. ಅದಕ್ಕೆ ನುಣುಪು ಕಣದ ಕಲ್ಲೇ ಬೇಕು. ಗ್ರಾನೈಟನ್ನು ಸೀಳಿ ಬಂದ ಡಾಲರೈಟ್, ಅಂದರೆ ಆ ಹಿರಿಯರ ಕರಿಕಲ್ಲು, ಅಂಥದ್ದು. ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಇಂಥದೇ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ಮಾಡಿದರು.

ಅದಕ್ಕೂ ಬಹಳ ಹಿಂದಿನದು ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ 1997ರಿಂದ ಹಲವು ವರ್ಷ ಉತ್ಖನನ ನಡೆಸಿದರು. ಸುಣ್ಣಕಲ್ಲಿನ ಹಾಸು ತಾನಾಗಿ ಬಿರಿದು, ಚಪ್ಪಟೆ ತುಂಡುಗಳಾಗಿ ಕೈಗೆ ಸಿಗುವ ಜಾಗ ಅದು. ಅಲ್ಲೇ ಕೂತು ಕೈಗೊಡಲಿಗಳನ್ನು ತೀಡಿದ್ದಾರೆ. ತೀಡಿದ್ದು ಸಿಲಿಕ ಬೆರೆತ ಸುಣ್ಣಕಲ್ಲನ್ನು, ಏಟು ಕೊಟ್ಟದ್ದು ಬಸಾಲ್ಟ್, ಕ್ವಾರ್ಟ್‌ಜೈಟ್, ಚರ್ಟ್ ಗುಂಡುಗಳಿಂದ. ಏಟು ತಿನ್ನುವ ಕಲ್ಲು ಬೇರೆ, ಏಟು ಕೊಡುವ ಕಲ್ಲು ಬೇರೆ ಎಂಬ ತಿಳಿವಳಿಕೆ ಆ ಕೈಗಳಿಗಿತ್ತು. ಅಲ್ಲಿ ಸಿಕ್ಕ ಪ್ರಾಣಿಹಲ್ಲುಗಳ ಎನಾಮಲ್ ಪರೀಕ್ಷೆ ಸುಮಾರು 12 ಲಕ್ಷ ವರ್ಷದ ಲೆಕ್ಕ ಕೊಟ್ಟಿದೆ. ನಮ್ಮ ಜಾತಿ, ಹೋಮೊ ಸೇಪಿಯನ್ಸ್, ಹುಟ್ಟಿ ಮೂರು ಲಕ್ಷ ವರ್ಷ. ಆ ಕೈಗಳು ಹೋಮೊ ಎರೆಕ್ಟಸ್ ಬಳಗದವು ಎಂಬುದೇ ಹೆಚ್ಚಿನವರ ಅಭಿಪ್ರಾಯ.

ಮೂಳೆ ಪಕ್ಷದವರು ಇಲ್ಲಿ ತಲೆಯಾಡಿಸುತ್ತಾರೆ. ತಲೆಬುರುಡೆ ಎಲ್ಲಿ ಎಂಬುದು ಅವರ ನಿತ್ಯದ ಪ್ರಶ್ನೆ. 1982ರ ಡಿಸೆಂಬರ್ 5ರಂದು ನರ್ಮದೆಯ ದಡದ ಹಥ್ನೋರಾದಲ್ಲಿ ಅರುಣ್ ಸೊನಾಕಿಯಾ ಕಂಡ ಬುರುಡೆಯ ಭಾಗದ ಮೇಲೇ ಭಾರತದ ಕತೆಯೆಲ್ಲ ನಿಂತಿದೆ ಎಂಬ ಧಾಟಿ ಅವರದು. ಬುರುಡೆ ಮಿದುಳಿನ ಅಳತೆ ಹೇಳುತ್ತದೆ, ಒಪ್ಪುತ್ತೇನೆ. ಆ ಮಿದುಳು ಏನನ್ನು ಬೇಡ ಅಂದಿತು, ಏನನ್ನು ಬೇಕು ಅಂದಿತು ಎಂಬುದನ್ನು ಕಲ್ಲೇ ಹೇಳಬೇಕು. ಕೆನ್ಯಾದ ಕಂಜೆರಾದಲ್ಲಿ ಸುಮಾರು 20 ಲಕ್ಷ ವರ್ಷದ ಹಿಂದೆಯೇ ಗಟ್ಟಿ ಕಲ್ಲನ್ನು ಹತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ ಹೊತ್ತು ತಂದಿದ್ದಾರೆ. ಕಾಲಡಿಯ ಕಲ್ಲನ್ನು ಬಿಟ್ಟು ದೂರದ್ದಕ್ಕೆ ನಡೆದವರಿಗೆ ನಾಳಿನ ಕೆಲಸ ಇಂದೇ ಕಣ್ಣಮುಂದಿತ್ತು.

ಈ ದಾರಿಯನ್ನು ನಮಗೆ ತೋರಿಸಿದವರು ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಮದರಾಸಿನ ಪಲ್ಲಾವರಂನ ಜಲ್ಲಿಯಲ್ಲಿ ಕೈಗೊಡಲಿ ಎತ್ತಿದವರು. ಅವರು ತೀರಿಕೊಂಡ ಮೇಲೆ, 1916ರಲ್ಲಿ ಮದರಾಸು ಮ್ಯೂಸಿಯಂ ಹೊರತಂದ ಅವರ ಸಂಗ್ರಹದ ಟಿಪ್ಪಣಿಗಳು ನನ್ನ ಮೇಜಿನಿಂದ ಕದಲುವುದಿಲ್ಲ. ಫೂಟ್ ವೃತ್ತಿಯಲ್ಲಿ ಭೂವಿಜ್ಞಾನಿ, ಹಾಗಾಗಿ ಉಪಕರಣದ ಆಕಾರದಷ್ಟೇ ಅದರ ಶಿಲೆಯೂ ಅವರಿಗೆ ಮುಖ್ಯ. ಹಳೆಯ ಶಿಲಾಯುಗದವರು ಕ್ವಾರ್ಟ್‌ಜೈಟನ್ನು ಹಿಡಿದರು, ಹೊಸ ಶಿಲಾಯುಗದವರು ಕಪ್ಪು ಟ್ರ್ಯಾಪ್ ಜಾತಿಯ ಕಲ್ಲಿಗೆ ಬಂದರು ಎಂದು ಅವರು ಗುರುತಿಸಿದರು. ಹಳೆಯವರ ನೆಲೆ ಹುಡುಕಬೇಕಾದರೆ ಮೊದಲು ಅವರಿಗೆ ಒಗ್ಗುವ ಕಲ್ಲು ಎಲ್ಲಿದೆ ನೋಡಬೇಕು ಎಂಬ ಬುದ್ಧಿ ನನಗೆ ಬಂದದ್ದು ಆ ಪುಟಗಳಿಂದ. ನಮ್ಮ ಜಿಲ್ಲೆಯಲ್ಲಿ ಕೈಗೊಡಲಿ ಹುಡುಕಿ ಬರಿಗೈಲಿ ಬಂದೆವು ಎನ್ನುವ ಹುಡುಗರಿಗೆ ನಾನು ಹೇಳುವುದೂ ಇದನ್ನೇ: ಬೆಟ್ಟ ಹತ್ತಬೇಡಿ, ಹೊಳೆಯ ದಡದ ಜಲ್ಲಿ ನೋಡಿ, ಕರಿಕಲ್ಲಿನ ಸಾಲು ಹಿಡಿದು ನಡೆಯಿರಿ. ಸಿಕ್ಕಿದ್ದನ್ನು ಜೇಬಿಗೆ ಹಾಕಬೇಡಿ. ಜಾಗದಿಂದ ಕದಲಿಸಿದ ಕಲ್ಲು ಅರ್ಧ ಮೂಕ.

ಬರುವಾಗ ಚನ್ನಪಟ್ಟಣದಲ್ಲಿ ಇಳಿದೆ. ಗೊಂಬೆ ಕಡೆಯುವ ಹೆಂಗಸೊಬ್ಬರು ಹಾಲೆಮರದ ತುಂಡುಗಳ ರಾಶಿಯಿಂದ ಒಂದನ್ನು ಎತ್ತಿ, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟರು. ಇನ್ನೊಂದನ್ನು ಎತ್ತಿ ಲೇತಿಗೆ ಕೊಟ್ಟರು. ಮೊದಲನೆಯದರಲ್ಲಿ ಏನು ದೋಷ ಅಂತ ನನ್ನ ಕಣ್ಣಿಗೆ ಕಾಣಲಿಲ್ಲ, ಅವರ ಕೈಗೆ ಕಂಡಿತ್ತು. ಇಸಾಂಪುರದ ಹಾಸಿನ ಮೇಲೆ ಕೂತವರೂ ಹೀಗೇ ಒಂದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿದ್ದಾರು.

ಮುಂದಿನ ವಾರ ಮಾಗಡಿ ಕಡೆ, 1881ರಲ್ಲೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬ್ರಾನ್‌ಫಿಲ್ ಬರೆದ ಸಾವನದುರ್ಗದ ಕಲ್ಲುಗೋರಿಗಳ ಹತ್ತಿರ. ಅಷ್ಟರೊಳಗೆ ನಮ್ಮ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಆ ಸಾಲುಚಿತ್ರ ಗೋಡೆಯಲ್ಲಿದ್ದರೆ ಇಳಿಸಿ. ಮೇಜಿನ ಮೇಲೆ ಬೆಟ್ಟದ ಗ್ರಾನೈಟಿನ ಒಂದು ಚೂರು, ಕರಿಕಲ್ಲಿನ ಒಂದು ಚೂರು ಇಡಿ. ಕೊಯ್ಯೋಕೆ ಯಾವುದು ಆಗುತ್ತೆ ಅಂತ ಮಕ್ಕಳನ್ನು ಕೇಳಿ, ಅವರ ಕೈ ಯಾವ ಕಡೆ ಹೋಗುತ್ತದೆ ನೋಡಿ.