ಕಡೆಯ ಗಳಿಗೆಯ ರಕ್ಷಣೆ: ಗ್ರಿಫಿತ್ ಪರಂಪರೆಯ ಗುಣದೋಷ

ಅಮೆರಿಕದ ಮೂಕಚಿತ್ರವು ಬಯಲಾಟದ ಬೆರಗಿನಿಂದ ಗಂಭೀರ ನಾಟಕದ ಘನತೆಗೆ ಏರಿದ ಕಾಲವನ್ನು ನೆನೆದಾಗ ಮೊದಲು ಕೇಳಿಬರುವ ಹೆಸರು ಡೇವಿಡ್ ವಾರ್ಕ್ ಗ್ರಿಫಿತ್‌ನದು. 1908ರಲ್ಲಿ ನ್ಯೂಯಾರ್ಕಿನ ಬಯೋಗ್ರಾಫ್ ಸಂಸ್ಥೆಯಲ್ಲಿ ನಿರ್ದೇಶನಕ್ಕೆ ತೊಡಗಿದ ಈತನು, ಛಾಯಾಗ್ರಾಹಕ ಬಿಲ್ಲಿ ಬಿಟ್ಜರನ ನೆರವಿನಿಂದ 1913ರೊಳಗೆ ನಾನೂರಕ್ಕೂ ಮಿಕ್ಕ ಕಿರುಚಿತ್ರಗಳನ್ನು ತೆಗೆದನು. ಮುಂದಿನ ದಶಕದ ಭಾವಪ್ರಧಾನ ಚಿತ್ರಗಳೆಲ್ಲ ಬಹುಮಟ್ಟಿಗೆ ಆ ಅಭ್ಯಾಸಶಾಲೆಯ ಋಣವನ್ನು ಹೊತ್ತಿವೆ. ಆ ಋಣದಲ್ಲಿ ಮುಖ್ಯವಾದುದು, ಬೇರೆಬೇರೆ ಎಡೆಗಳಲ್ಲಿ ಏಕಕಾಲಕ್ಕೆ ನಡೆಯುವ ಘಟನೆಗಳನ್ನು ಒಂದರೊಳಗೊಂದು ಹೆಣೆಯುವ ಸಮಾನಾಂತರ ಸಂಕಲನ.

1909ರ 'ದಿ ಲೋನ್ಲಿ ವಿಲ್ಲಾ'ದಲ್ಲಿ ಕಳ್ಳರು ಬಾಗಿಲು ಮುರಿಯುತ್ತಿದ್ದಾರೆ, ತಾಯಿಮಕ್ಕಳು ಒಳಕೋಣೆಗೆ ಸರಿಯುತ್ತಿದ್ದಾರೆ, ದೂರವಾಣಿಯಲ್ಲಿ ಸುದ್ದಿ ತಿಳಿದ ಗೃಹಸ್ಥನು ಮನೆಯತ್ತ ಧಾವಿಸುತ್ತಿದ್ದಾನೆ. ದೃಶ್ಯಗಳು ಗಿಡ್ಡವಾದಂತೆಲ್ಲ ಪ್ರೇಕ್ಷಕನ ಉಸಿರೂ ಗಿಡ್ಡವಾಗುತ್ತದೆ. ಕಡೆಯ ಗಳಿಗೆಯ ಈ ರಕ್ಷಣೆಯೇ ಆ ಪರಂಪರೆಯ ಮುದ್ರೆಯೆಂದು ಪ್ರಸಿದ್ಧವಾಗಿದೆ. ಕೌಶಲದ ಮಟ್ಟಿಗೆ ಆ ಪ್ರಶಂಸೆ ನ್ಯಾಯವಾದುದೇ ಸರಿ; ಆದರೆ ವೇಗವು ಉದ್ರೇಕಿಸಿದ ಮನಸ್ಸು ವಿವೇಚಿಸುವ ಶಕ್ತಿಯನ್ನು ತಾತ್ಕಾಲಿಕವಾಗಿಯಾದರೂ ಕಳೆದುಕೊಳ್ಳುತ್ತದೆ. ಓಡಿಬರುವವನು ಯಾರು, ಯಾರಿಂದ ಯಾರನ್ನು ಕಾಪಾಡುತ್ತಿದ್ದಾನೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ಈ ದೋಷದ ಪರಿಣಾಮವು 1915ರ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದಲ್ಲಿ ಭಯಂಕರವಾಗಿ ಪ್ರಕಟವಾಯಿತು. ಥಾಮಸ್ ಡಿಕ್ಸನ್ನನ ಕಾದಂಬರಿಯನ್ನು ಆಧರಿಸಿದ ಆ ಕಥೆಯಲ್ಲಿ ರಕ್ಷಕರಾಗಿ ಕುದುರೆಯೇರಿ ಬರುವವರು ಬಿಳಿಯರ ಮೇಲ್ಮೆಯನ್ನು ಸಾರುವ ಕು ಕ್ಲಕ್ಸ್ ಕ್ಲಾನಿನ ಮುಸುಕುಧಾರಿಗಳು. ಕರಿಯ ಜನರು, ಬಹುಪಾಲು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರ ರೂಪದಲ್ಲಿ, ಕೇವಲ ಭೀತಿಯ ನಿಮಿತ್ತಗಳು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘವು ಅಂದೇ ಪ್ರತಿಭಟಿಸಿತು. ಅದೇ ವರ್ಷ ಜಾರ್ಜಿಯಾದಲ್ಲಿ ಕ್ಲಾನ್ ಮರುಹುಟ್ಟು ಪಡೆಯಿತು. ತಂತ್ರ ಶ್ರೇಷ್ಠ, ವಸ್ತು ಹೀನ ಎಂದು ಎರಡನ್ನೂ ಬೇರ್ಪಡಿಸಿ ಸಮಾಧಾನಪಡುವ ವಿಮರ್ಶಕರಿದ್ದಾರೆ. ಆ ಸಮಾಧಾನ ಸಲ್ಲದು. ಅಧರ್ಮಕ್ಕೆ ಧರ್ಮದ ವೇಷವನ್ನು ತೊಡಿಸಿದ ಕೈ ಆ ತಂತ್ರದ್ದೇ.

ಹಾಗಾದರೆ ಪರಂಪರೆಯ ಸತ್ತ್ವ ಎಲ್ಲಿದೆ? ರಕ್ಷಣೆಯೇ ಇಲ್ಲದ ಕಥೆಗಳಲ್ಲಿದೆಯೆಂದು ನನ್ನ ಮತ. ಫ್ರಾಂಕ್ ನಾರಿಸನ ಬರಹಗಳಿಂದ ಪ್ರೇರಿತವಾದ, ಕಾಲು ಗಂಟೆಯಷ್ಟೂ ಇಲ್ಲದ 'ಎ ಕಾರ್ನರ್ ಇನ್ ವೀಟ್' (1909) ಇದಕ್ಕೆ ಸಾಕ್ಷಿ. ಹೊಲದಲ್ಲಿ ರೈತನು ಬಿತ್ತುತ್ತಾನೆ. ನಗರದಲ್ಲಿ ವರ್ತಕನು ಗೋಧಿಯನ್ನೆಲ್ಲ ಕೈವಶ ಮಾಡಿಕೊಂಡು ಔತಣ ನಡೆಸುತ್ತಾನೆ. ರೊಟ್ಟಿಯ ಅಂಗಡಿಯಲ್ಲಿ ಬಡವರು ಏರಿದ ಬೆಲೆಯ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ. ಔತಣದ ಗದ್ದಲದ ಬಳಿಕ ಬಡವರ ಸಾಲು ಚಿತ್ರಪಟದಂತೆ ನಿಶ್ಚಲವಾದಾಗ ಎರಡರ ನಡುವಣ ಸಂಬಂಧವನ್ನು ಕಾಣಬೇಕಾದ ಹೊಣೆ ಪ್ರೇಕ್ಷಕನದಾಗುತ್ತದೆ. ವರ್ತಕನು ಕಣಜಕ್ಕೆ ಜಾರಿಬಿದ್ದು ತಾನು ಕೂಡಿಹಾಕಿದ ಗೋಧಿಯಲ್ಲೇ ಹೂತುಹೋದರೂ ಹಸಿದವರಿಗೆ ಅದರಿಂದ ಯಾವ ಲಾಭವೂ ಇಲ್ಲ. ಗ್ರಿಫಿತ್ತನು ಸಿರಿವಂತರನ್ನೂ ಬಡವರನ್ನೂ ಎಂದೂ ಸಂಧಿಸದ ಸಮಾನಾಂತರ ರೇಖೆಗಳಂತೆ ಕಂಡನೆಂದು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನನು 1944ರ ಪ್ರಬಂಧದಲ್ಲಿ ಆಕ್ಷೇಪಿಸಿದನು. ಬೇರೆಡೆ ಸಲ್ಲುವ ಈ ಆಕ್ಷೇಪ ಇಲ್ಲಿ ಸಲ್ಲದು. ಒಬ್ಬನು ಇನ್ನೊಬ್ಬನ ಮುಖವನ್ನೇ ನೋಡದೆ ಅವನ ಅನ್ನವನ್ನು ಕಸಿದುಕೊಳ್ಳಬಲ್ಲನೆಂಬುದೇ ಈ ಚಿತ್ರದ ದರ್ಶನ.

1919ರ 'ಬ್ರೋಕನ್ ಬ್ಲಾಸಮ್ಸ್' ಅದೇ ಸಾಧನೆಯ ಇನ್ನೊಂದು ಮುಖ. ಲಂಡನ್ನಿನ ಲೈಮ್‌ಹೌಸಿನಲ್ಲಿ ಮುಷ್ಟಿಯುದ್ಧಗಾರ ತಂದೆ ಕೊಡಲಿಯಿಂದ ಬಾಗಿಲೊಡೆಯುತ್ತಿರುವಾಗ, ಇಕ್ಕಟ್ಟಾದ ಗೂಡಿನೊಳಗೆ ಸುತ್ತುತ್ತ ತತ್ತರಿಸುವ ಲಿಲಿಯನ್ ಗಿಶ್ಶಳ ಅಭಿನಯವು ಮಾತಿಲ್ಲದ ಕಲೆಯ ಪರಾಕಾಷ್ಠೆ. ಇಲ್ಲಿ ಅವಳಿಗೆ ಒಲಿದ ಚೀನೀಯನು ಓಡಿಬರುತ್ತಾನೆ, ಆದರೆ ತಡವಾಗಿ. ಆ ವಿಳಂಬದಲ್ಲಿ ಸಿದ್ಧಸೂತ್ರವು ಮುರಿದು ದುರಂತವು ಹುಟ್ಟುತ್ತದೆ. ಆ ಚೀನೀಯನ ಪಾತ್ರವನ್ನು ಬಿಳಿಯ ನಟ ರಿಚರ್ಡ್ ಬಾರ್ತೆಲ್ಮೆಸ್ ವಹಿಸಿರುವುದು ಆ ಕರುಣೆಗೂ ಎಲ್ಲೆಯಿತ್ತೆಂಬುದನ್ನು ತೋರಿಸುತ್ತದೆ.

ಆದಕಾರಣ ಈ ಪರಂಪರೆಯನ್ನು ಅದರ ವೇಗದಿಂದ ಅಳೆಯುವುದು ಅದಕ್ಕೇ ಮಾಡುವ ಅನ್ಯಾಯ. ಎರಡು ಬದುಕುಗಳನ್ನು ಅಕ್ಕಪಕ್ಕದಲ್ಲಿರಿಸಿ ತೀರ್ಪನ್ನು ನೋಡುವವನಿಗೆ ಬಿಟ್ಟಲ್ಲಿ ಅದು ದೊಡ್ಡದು. ತೀರ್ಪನ್ನು ಕುದುರೆಯ ಕಾಲಿಗೆ ಒಪ್ಪಿಸಿದಲ್ಲಿ ಅಪಾಯಕಾರಿ. ಅದರ ಉತ್ತರಾಧಿಕಾರಿಗಳಲ್ಲಿ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯ ದಾರಿಯನ್ನೇ.