ಅಕ್ಕಿ ಹಕ್ಕಾಯಿತು, ಮನೆ ಆಗಲಿಲ್ಲ

2013ರ ಮೇ 13ರಂದು ಕಂಠೀರವ ಕ್ರೀಡಾಂಗಣದಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಸಿದ್ದರಾಮಯ್ಯನವರು, ಅದೇ ದಿನ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋ ಅಕ್ಕಿ ಘೋಷಿಸಿದರು. ಜುಲೈ 10ಕ್ಕೆ ಅನ್ನಭಾಗ್ಯ ಶುರುವಾಯಿತು. ಕೇಂದ್ರದ ಆಹಾರ ಭದ್ರತಾ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು ಅದಾದ ಮೇಲೆ. ಹಸಿವು ಮತ್ತು ಸೂರು, ಈ ಎರಡರ ಬಗ್ಗೆಯೂ ನಾಲ್ಕು ದಶಕ ಮಾತಾಡಿದ ಶಾಸಕರೊಬ್ಬರ ಕೆಲಸವನ್ನು ಅಳೆಯುವುದಾದರೆ ಈ ಯೋಜನೆಯಿಂದಲೇ ಶುರುಮಾಡಬೇಕು. ಅವರ ದೊಡ್ಡ ಗೆಲುವು ಇಲ್ಲಿದೆ. ಅವರ ದೊಡ್ಡ ಕೊರತೆ ಏನೆಂಬುದೂ ಇದರ ಪಕ್ಕದಲ್ಲಿಟ್ಟು ನೋಡಿದಾಗಲೇ ಗೊತ್ತಾಗುತ್ತದೆ.

ಅನ್ನಭಾಗ್ಯದ ಜೀವ ಇರುವುದು ಒಂದು ಅಂಕಿಯಲ್ಲಿ. ಮೊದಲು ಮನೆಗೆ ಗರಿಷ್ಠ 30 ಕಿಲೋ, ಆಮೇಲೆ ತಲೆಗೆ 5 ಕಿಲೋ, 2017ರಲ್ಲಿ 7, 2023ರ ಭರವಸೆಯಲ್ಲಿ 10. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ಅಜ್ಜಿಗೂ ತನ್ನ ಮನೆಗೆ ಎಷ್ಟು ಬರಬೇಕೆಂಬುದು ಬಾಯಿಪಾಠ. ಕಡಿಮೆ ತೂಗಿದರೆ ಅಲ್ಲೇ ಕೇಳುತ್ತಾಳೆ. ಹೆಬ್ಬೆಟ್ಟು ಒತ್ತಿದ ಮೇಲೆ ಯಾರ ಶಿಫಾರಸೂ ಬೇಕಿಲ್ಲ, ಯಾವ ಪುಢಾರಿಯ ಮನೆ ಬಾಗಿಲೂ ಕಾಯಬೇಕಿಲ್ಲ.

ಉಚಿತ ಅಕ್ಕಿ ಜನರನ್ನು ಸೋಮಾರಿ ಮಾಡುತ್ತದೆ ಎಂಬ ಮಾತು ಆಗ ಜೋರಾಗಿ ಕೇಳಿಬಂತು. ಹೆಸರಾಂತ ಲೇಖಕರೂ ಅದನ್ನು ಹೇಳಿದರು. ಈ ಟೀಕೆಯನ್ನು ನಾನು ಒಪ್ಪುವುದಿಲ್ಲ. ಕೂಲಿಗೆ ಆಳು ಸಿಗುತ್ತಿಲ್ಲ ಎಂದು ಜಮೀನುದಾರರು ಗೊಣಗಿದ್ದಿದ್ದರೆ, ಅದರ ಅರ್ಥ ಮನೆಯಲ್ಲಿ ಅಕ್ಕಿ ಇರುವ ಆಳು ಕೊಟ್ಟಷ್ಟು ಕೂಲಿಗೆ ಕೈಚಾಚದೆ ದರ ಕೇಳುವಂತಾದ ಎಂದು. ಹೊಟ್ಟೆ ತುಂಬಿದವನು ಚೌಕಾಸಿ ಮಾಡಬಲ್ಲ. ಒಂದು ಆಹಾರ ಯೋಜನೆಯಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ಕಷ್ಟ.

ಆದರೆ ತಟ್ಟೆಯೊಳಗೆ ಇಣುಕಿದರೆ ಬೇರೆ ಮಾತು ಹೇಳಬೇಕಾಗುತ್ತದೆ. ಹಳೆ ಮೈಸೂರಿನದು ರಾಗಿಮುದ್ದೆ, ಉತ್ತರ ಕರ್ನಾಟಕದ್ದು ಜೋಳದ ರೊಟ್ಟಿ. ರಾಗಿ, ಜೋಳವನ್ನೂ ಪಡಿತರಕ್ಕೆ ಸೇರಿಸುವ ಪ್ರಯತ್ನಗಳು ನಡೆದರೂ ಪೈಪೋಟಿ ಪೂರ್ತಿ ಅಕ್ಕಿಯ ಕಿಲೋ ಲೆಕ್ಕದಲ್ಲೇ ನಡೆಯಿತು. ಐದು, ಏಳು, ಹತ್ತು ಎಂದು ಅಕ್ಕಿ ಏರುತ್ತಾ ಹೋಯಿತು. ಬೇಳೆ ಅದೇ ವೇಗದಲ್ಲಿ ಏರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇದನ್ನು ಬರೀ ಅನ್ನ ನೀಗಿಸಲಾರದು. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವ ತೀರ್ಮಾನವನ್ನು ಸಂಪುಟ 2025ರ ಅಕ್ಟೋಬರ್‌ನಲ್ಲಿ ಕೈಗೊಂಡಿತು. ಸರಿಯಾದ ತೀರ್ಮಾನ, ಹನ್ನೆರಡು ವರ್ಷ ತಡವಾಗಿ ಬಂದದ್ದು.

2023ರ ಬಿಕ್ಕಟ್ಟನ್ನು ಮಾತ್ರ ನಾನು ಸೋಲೆಂದು ಎಣಿಸುವುದಿಲ್ಲ. ಹತ್ತು ಕಿಲೋದಲ್ಲಿ ಮೊದಲ ಐದು ಕೇಂದ್ರದ್ದು, ಉಳಿದ ಐದನ್ನು ರಾಜ್ಯ ಹೊಂದಿಸಬೇಕಿತ್ತು. ಜೂನ್‌ನಲ್ಲಿ ಕೇಂದ್ರದ ಆಹಾರ ನಿಗಮ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. ಆ ದುಡ್ಡಿಗೆ ಅಂಗಡಿಯಲ್ಲಿ ಐದು ಕಿಲೋ ಒಳ್ಳೆಯ ಅಕ್ಕಿ ಬರುತ್ತಿರಲಿಲ್ಲ ಎಂಬುದು ನಿಜ. ಆದರೂ ಹತ್ತು ಎಂಬ ಅಂಕಿ ಜನರ ಬಾಯಲ್ಲಿದ್ದುದರಿಂದಲೇ ಸರ್ಕಾರಕ್ಕೆ ಜಾರಿಕೊಳ್ಳಲು ದಾರಿಯಿರಲಿಲ್ಲ. ಕೇಂದ್ರ 22.50 ರೂಪಾಯಿಗೆ ಅಕ್ಕಿ ಕೊಡಲು ಮುಂದಾದ ಮೇಲೆ, 2025ರ ಫೆಬ್ರುವರಿಯಲ್ಲಿ ದುಡ್ಡಿನ ಜಾಗಕ್ಕೆ ಮತ್ತೆ ಅಕ್ಕಿ ಬಂತು. ಲೆಕ್ಕ ಗೊತ್ತಿರುವ ಜನರೆದುರು ಸರ್ಕಾರ ನಡೆದುಕೊಳ್ಳುವ ರೀತಿಯೇ ಬೇರೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಹೊರಟಾಗ ಎದ್ದ ಕೂಗಿಗೆ ಸರ್ಕಾರ ಹಿಂದೆ ಸರಿದದ್ದೂ ಇದೇ ಕಾರಣಕ್ಕೆ.

ಇಂದಿರಾ ಕ್ಯಾಂಟೀನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಶುರುವಾಯಿತು. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ತಮಿಳುನಾಡಿನ ಅಮ್ಮ ಉಣವಗಂನಿಂದ ಕಲಿತದ್ದು, ಕಲಿತದ್ದರಲ್ಲಿ ತಪ್ಪೇನಿಲ್ಲ. ಸರ್ಕಾರ ಬದಲಾದಾಗ ಸೊರಗುವುದು ಅದರ ದೌರ್ಬಲ್ಯ.

ಈಗ ಮನೆಯ ವಿಷಯಕ್ಕೆ ಬರೋಣ. ಯೋಜನೆಗಳ ಹೆಸರಿಗೆ ಬರವಿಲ್ಲ: ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಬೆಂಗಳೂರಿನ ಒಂದು ಲಕ್ಷ ಬಹುಮಹಡಿ ಮನೆಗಳು. ಹಳ್ಳಿಯ ಬಡವನೊಬ್ಬ ಮನೆ ಕಟ್ಟಲು ಹೊರಟರೆ ಸಾಮಾನ್ಯ ವರ್ಗಕ್ಕೆ ಸಿಗುವ ಸಹಾಯಧನ 1.20 ಲಕ್ಷ ರೂಪಾಯಿ. ಅದೂ ತಳಪಾಯ, ಗೋಡೆ, ತಾರಸಿ ಎಂದು ಹಂತಹಂತವಾಗಿ, ಫೋಟೊ ತೆಗೆದು ಕಳಿಸಿದ ಮೇಲೆ. ಸಿಮೆಂಟು, ಕಬ್ಬಿಣ, ಮರಳಿನ ಇಂದಿನ ದರದಲ್ಲಿ ಆ ದುಡ್ಡು ಗೋಡೆ ದಾಟುವುದೇ ಕಷ್ಟ. ಉಳಿದದ್ದಕ್ಕೆ ಬಡ್ಡಿಸಾಲ, ಇಲ್ಲವೇ ಅರ್ಧ ಗೋಡೆಯ ಮೇಲೆ ಶೀಟು.

ಇದಕ್ಕಿಂತ ನನ್ನನ್ನು ಕಾಡುವುದು ಆಯ್ಕೆಯ ಬಗೆ. ಪಟ್ಟಣದಲ್ಲಿ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಹಳ್ಳಿಯಲ್ಲಿ ಗ್ರಾಮಸಭೆ ಎಂದಿದ್ದರೂ ಪಟ್ಟಿ ಎಲ್ಲಿ ತಯಾರಾಗುತ್ತದೆಂದು ಊರಿಗೆಲ್ಲ ಗೊತ್ತು. ಈ ವರ್ಷ ನಮ್ಮ ಪಂಚಾಯಿತಿಗೆ ಎಷ್ಟು ಮನೆ, ನನ್ನ ಸರದಿ ಎಷ್ಟನೆಯದು, ಯಾವಾಗ ಬಂದೀತು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರಿಲ್ಲ. ಹಣ ಕೊಟ್ಟವರಿಗೆ ಮನೆ ಹಂಚಿಕೆಯಾಗುತ್ತಿದೆ ಎಂದು 2025ರ ಜೂನ್‌ನಲ್ಲಿ ಆರೋಪಿಸಿದವರು ಆಡಳಿತ ಪಕ್ಷದ್ದೇ ಹಿರಿಯ ಶಾಸಕ, ಆಳಂದದ ಬಿ.ಆರ್. ಪಾಟೀಲ್. ಆರೋಪ ಎಷ್ಟು ನಿಜ ಎಂಬುದನ್ನು ತನಿಖೆ ಹೇಳಬೇಕು. ಅಂಥ ಆರೋಪವನ್ನು ಜನ ಕೇಳಿದೊಡನೆ ನಂಬಿದ್ದೇಕೆ ಎಂಬುದಕ್ಕೆ ಯಾವ ತನಿಖೆಯೂ ಬೇಕಿಲ್ಲ. ಅಕ್ಕಿಯಲ್ಲಿ ಕಿತ್ತುಹಾಕಿದ ಮಧ್ಯವರ್ತಿ ಮನೆಯಲ್ಲಿ ಹಾಗೇ ಕೂತಿದ್ದಾನೆ.

ವಸತಿಯಲ್ಲಿ ಗಟ್ಟಿಯಾಗಿ ನಿಲ್ಲುವ ಕೆಲಸವೂ ಒಂದಿದೆ. ಅದು ಆಗಿದ್ದು ಕಾನೂನು ಬದಲಿಸಿದ್ದರಿಂದ. ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪನವರ ಮುತುವರ್ಜಿಯಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಲೆಮಾರುಗಳಿಂದ ದಾಖಲೆಯಿಲ್ಲದೆ ಬದುಕಿದವರಿಗೆ ಮನೆಯಡಿ ನೆಲದ ಹಕ್ಕು ಸಿಗುವ ದಾರಿ ತೆರೆಯಿತು. 2023ರ ಜನವರಿಯಲ್ಲಿ ಬಿಜೆಪಿ ಸರ್ಕಾರ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳನ್ನು ಕೊಡಲಾಯಿತು. ಕಾಯ್ದೆಯಲ್ಲಿ ಬರೆದದ್ದು ಸರ್ಕಾರ ಬದಲಾದರೂ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೊಳೆಗೇರಿ ಮಂಡಳಿಯ ಮನೆಗಳಲ್ಲಿ ಫಲಾನುಭವಿಗಳ ಪಾಲಿನ ಬಹುಭಾಗವನ್ನು ಸರ್ಕಾರವೇ ಹೊತ್ತು, 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಸ್ತಾಂತರಿಸಿದ್ದನ್ನೂ ಮೆಚ್ಚಬೇಕು. ದುಡ್ಡು ಕಟ್ಟಲಾಗದೆ ನಿಂತುಹೋಗಿದ್ದ ಮನೆಗಳವು.

ಇಷ್ಟೆಲ್ಲದರ ಹೊರಗೆ ಉಳಿದವರು ಬಾಡಿಗೆದಾರರು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಕಲಬುರಗಿ, ರಾಯಚೂರಿನಿಂದ ಗುಳೆ ಬಂದು ಕಟ್ಟಡ ಕೆಲಸ ಮಾಡುವವರಿಗೆ ಬೇಕಿರುವುದು ಕೆಲಸದ ಹತ್ತಿರ, ಕೈಗೆಟಕುವ ಬಾಡಿಗೆಯ ಒಂದು ಕೋಣೆ. ಬಹುಮಹಡಿ ಮನೆಗಳು ಯಲಹಂಕ, ಆನೇಕಲ್ ಕಡೆ ಊರಾಚೆ ಎದ್ದವು. ಅಡ್ವಾನ್ಸ್ ಹೊಂದಿಸಲೂ ಪರದಾಡುವವರು ಅವುಗಳಿಗೆ ಲಕ್ಷಗಟ್ಟಲೆ ಕಟ್ಟಲಾರರು. (ಶಕ್ತಿ ಯೋಜನೆಯ ಉಚಿತ ಬಸ್ಸು ಊರಾಚೆಯ ಬದುಕನ್ನು ತುಸು ಹಗುರ ಮಾಡಿದೆ, ಅದನ್ನು ವಸತಿ ನೀತಿಯ ಭಾಗವೆಂದೇ ನಾನು ಲೆಕ್ಕ ಹಾಕುತ್ತೇನೆ.) ಬಾಡಿಗೆದಾರರನ್ನು ಕಾಯಬೇಕಾದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇವತ್ತು ಆ ಬಾಡಿಗೆಗೆ ಒಂದು ಕೋಣೆಯೂ ಸಿಗುವುದು ಕಷ್ಟ. ಕಾಯ್ದೆ ಇದ್ದೂ ಇಲ್ಲದ ಹಾಗೆ. ಎರಡು ಅವಧಿಗೆ ಅಧಿಕಾರ ಹಿಡಿದು, ರಾಜ್ಯದಲ್ಲಿ ಅತಿ ಹೆಚ್ಚು ಬಜೆಟ್ ಮಂಡಿಸಿದ ದಾಖಲೆ ಬರೆದ ನಾಯಕರು ಬಾಡಿಗೆಯನ್ನು ಬಡತನದ ಪ್ರಶ್ನೆಯಾಗಿ ಕೈಗೆತ್ತಿಕೊಳ್ಳಲಿಲ್ಲ. ಸಿದ್ದರಾಮಯ್ಯನವರ ವಸತಿ ರಾಜಕಾರಣದ ಅತಿ ದೊಡ್ಡ ಲೋಪ ಇದು.

ಪಂಚಾಯಿತಿಗೊಂದು, ವಾರ್ಡಿಗೊಂದು ಸರದಿ ಪಟ್ಟಿ ಇರಲಿ, ಪ್ರತಿ ಹೆಸರಿಗೂ ಒಂದು ಸಂಖ್ಯೆ ಇರಲಿ, ಅದನ್ನು ಗೋಡೆಗೆ ಅಂಟಿಸಲಿ. ಬಾಡಿಗೆ ಕಾಯ್ದೆಯ ಮಿತಿಯನ್ನು ಇವತ್ತಿನ ದರಕ್ಕೆ ಏರಿಸಲಿ. ಎರಡಕ್ಕೂ ದೊಡ್ಡ ಖಜಾನೆ ಬೇಕಿಲ್ಲ, ವಿಧಾನಸಭೆಯ ಮನಸ್ಸು ಬೇಕು. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಅಕ್ಕಿಯ ಬಗ್ಗೆ ಕೇಳಿದಷ್ಟೇ ಗಟ್ಟಿಯಾಗಿ ಕೇಳಿ: ನಮ್ಮೂರಿನ ಮನೆ ಪಟ್ಟಿ ಎಲ್ಲಿ, ಅದರಲ್ಲಿ ನನ್ನ ಸರದಿ ಎಷ್ಟನೆಯದು?