25 ಅಡಿಯಾಚೆಗೆ ಕೈಬಿಟ್ಟ ನಿಯಮ

ಅಮೆರಿಕದ ವಸತಿ ಇಲಾಖೆ 2016ರ ಡಿಸೆಂಬರ್‌ನಲ್ಲಿ ಹೊರಡಿಸಿದ ಹೊಗೆಮುಕ್ತ ವಸತಿ ನಿಯಮವನ್ನು ಸಾರ್ವಜನಿಕ ಆರೋಗ್ಯದ ದೊಡ್ಡ ಗೆಲುವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. 2018ರ ಜುಲೈ ಕೊನೆಯೊಳಗೆ ದೇಶದ ಸರ್ಕಾರಿ ವಸತಿ ಸಮುಚ್ಚಯಗಳೆಲ್ಲ ಅದನ್ನು ಜಾರಿಗೆ ತರಬೇಕಿತ್ತು. ಉದ್ದೇಶ ಒಳ್ಳೆಯದೇ, ಆದರೆ ಹೊಗಳಿಕೆ ಅತಿಯಾಯಿತು.

ಮನೆಯೊಳಗಾಗಲಿ, ಮೆಟ್ಟಿಲ ಬಳಿಯಾಗಲಿ, ಕಟ್ಟಡದಿಂದ 25 ಅಡಿಯೊಳಗಾಗಲಿ ಸಿಗರೇಟು, ಚುಟ್ಟ, ಹುಕ್ಕಾ ಹಚ್ಚುವಂತಿಲ್ಲ. ಈ 25 ಅಡಿಯನ್ನು ನ್ಯೂಯಾರ್ಕಿನ ಬಹುಮಹಡಿ ಕಟ್ಟಡದ ಮುಂದಿಟ್ಟು ನೋಡಬೇಕು. ಹದಿನಾಲ್ಕನೇ ಮಹಡಿಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬಳಿದ್ದಾಳೆನ್ನಿ. ಲಿಫ್ಟ್ ಕೆಟ್ಟಿದೆ, ಹೊರಗೆ ಜನವರಿಯ ಚಳಿ. ನಲವತ್ತು ವರ್ಷದಿಂದ ಸೇದುತ್ತಿರುವಾಕೆ ಒಂದು ಸಿಗರೇಟಿಗಾಗಿ ಕೆಳಗಿಳಿದು ಹೋಗುವುದುಂಟೇ? ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಬಚ್ಚಲಮನೆಯಲ್ಲೇ ಸೇದುತ್ತಾಳೆ. ಹೊಗೆ ನಲ್ಲಿ ಪೈಪಿನ ಸುತ್ತಲಿನ ಬಿರುಕಿನಿಂದ ನುಸುಳಿ ಮೇಲಿನ ಮನೆಯ ಆಸ್ತಮಾ ಇರುವ ಮಗುವನ್ನು ತಲುಪುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸಿಗರೇಟು ಸೇದದವರ ಮನೆಗಳಲ್ಲಿ ಗಾಳಿಯ ನಿಕೋಟಿನ್ ಅಳೆದರು. ನಿಯಮ ಬಂದು ವರ್ಷ ಕಳೆದಾಗಲೂ, ನಿಯಮ ಅನ್ವಯಿಸದ ಕಟ್ಟಡಗಳಿಗೆ ಹೋಲಿಸಿದರೆ ವಿಶೇಷ ಇಳಿಕೆ ಕಾಣಲಿಲ್ಲ.

ಇಲಾಖೆ ಮುಂದಿಟ್ಟ ಲೆಕ್ಕದಲ್ಲಿ ವರ್ಷಕ್ಕೆ 15.3 ಕೋಟಿ ಡಾಲರ್ ಉಳಿತಾಯ, ಅದರಲ್ಲಿ 4.3 ಕೋಟಿ ಮನೆ ದುರಸ್ತಿಯದು, 1.6 ಕೋಟಿ ಬೆಂಕಿ ಅನಾಹುತದ್ದು. ಇಷ್ಟು ಉಳಿಯುತ್ತದೆಂದು ಎಣಿಸಿದವರು ಚಟ ಬಿಡಿಸಲು ಪ್ರತ್ಯೇಕ ಅನುದಾನ ಇಡಲಿಲ್ಲ. ಸ್ಥಳೀಯ ಸಂಸ್ಥೆಗಳ ಜೊತೆ ಕೈಜೋಡಿಸಿ ಎಂದಷ್ಟೇ ಸಲಹೆ ಕೊಟ್ಟರು. ನಿಕೋಟಿನ್ ಎಂಥ ಚಟವೆಂದು ಬಲ್ಲ ಸರ್ಕಾರವೇ ಹೀಗೆ ಮಾಡಿದ್ದು ಅಕ್ಷಮ್ಯ.

ಇನ್ನು ಬಡವರ ಮನೆಯೊಳಗೆ ಸರ್ಕಾರ ಮೂಗು ತೂರಿಸಿತೆಂದು ದೂರುವ ಟೀಕಾಕಾರರು. ಬಾಡಿಗೆದಾರರನ್ನು ಹೊರಹಾಕುವ ಭಯದ ಬಗ್ಗೆ ಅವರ ಆತಂಕ ನ್ಯಾಯವಾದದ್ದು. ಆದರೆ ಅವರು ಸೇದುವವನ ಕೋಣೆಯಲ್ಲೇ ನಿಂತು ಮಾತಾಡುತ್ತಾರೆ. ಮೇಲಿನ ಮಹಡಿಯ ತಾಯಿಯೂ ಬಡವಳೇ. ಮಗುವಿಗೆ ಉಸಿರಾಟ ಕಷ್ಟವಾಯಿತೆಂದು ಬೇರೆ ಮನೆ ಹಿಡಿಯುವ ಶಕ್ತಿ ಆಕೆಗಿಲ್ಲ. ಪರರ ಹೊಗೆಗೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ಅಮೆರಿಕದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2006ರಲ್ಲೇ ಹೇಳಿತ್ತು. ಆ ತಾಯಿಯನ್ನು ಮರೆತ ಸ್ವಾತಂತ್ರ್ಯದ ವಾದ ಅರ್ಧ ವಾದ.

ಬಾಸ್ಟನ್ನಿನ ಸರ್ಕಾರಿ ವಸತಿಗಳಲ್ಲಿ ನಡೆದ ಚಟ ಬಿಡಿಸುವ ಪ್ರಯೋಗಕ್ಕೆ ಈ ನಿಯಮಕ್ಕೆ ಸಿಕ್ಕಷ್ಟು ಪ್ರಚಾರ ಸಿಗಲಿಲ್ಲ. ಬಾಡಿಗೆದಾರರ ಓರಗೆಯವರಿಗೇ ತರಬೇತಿ ಕೊಟ್ಟು, ಸೇದುವವರ ಜೊತೆ ಕೂತು ಮಾತಾಡಿಸಿ, ಚಿಕಿತ್ಸೆಯ ದಾರಿ ತೋರಿಸುವ ಕೆಲಸಕ್ಕೆ ಹಚ್ಚಿದರು. ವರ್ಷದ ಕೊನೆಗೆ ಅಲ್ಲಿ ಸಿಗರೇಟು ಬಿಟ್ಟವರ ಪ್ರಮಾಣ, ಹೋಲಿಕೆಗೆಂದು ಇಟ್ಟ ಗುಂಪಿಗಿಂತ ಹೆಚ್ಚಿತ್ತು. ಇಲಾಖೆ ದುಡ್ಡು ಸುರಿಯಬೇಕಿದ್ದದ್ದು ಈ ಕೆಲಸಕ್ಕೆ.